ಪಂಡಿತರು ಏಣಿಯಿಂದ ಬಿದ್ದ ಮೇಲೆ

ಸಾವು ಯಾರನ್ನೂ ಕೇಳಿ ಬರುವುದಿಲ್ಲ ಎನ್ನುತ್ತಾರೆ. ನಮ್ಮ ಬೀದಿಗೆ ಬಂದ ಈ ಸಾವು ಮಾತ್ರ ಬಸ್ ನಿಲ್ದಾಣದ ಮೈಕಿನಲ್ಲಿ ಸಾರಿಕೊಂಡೇ ಬಂತು. ತೀರಿಕೊಂಡವರನ್ನು ನಮ್ಮಲ್ಲಿ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಒಂದು ವಾರ ನಾವು ತೋರಿಸಿದ ದುಃಖ ಸಾಮಾನ್ಯದ್ದಲ್ಲ. ನನ್ನ ಸ್ವಂತ ಸೋದರಮಾವ ಹೋದಾಗಲೂ ನಾನು ಅಷ್ಟು ಗಂಭೀರವಾಗಿ ಕೂತಿರಲಿಲ್ಲ.

ಮೊದಲು ದಯವಿಟ್ಟಪ್ಪನವರ ಪರಿಚಯವಾಗಬೇಕು. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಅವರ ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಚಲಾವಣೆಯಲ್ಲಿಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ‘ದಯವಿಟ್ಟು ಗಮನಿಸಿ’ ಎಂದು ದಿನವಿಡೀ ಹೇಳುವುದು ಅವರ ಉದ್ಯೋಗ. ಅವರು ದಯವಿಟ್ಟು ಎನ್ನುತ್ತಾರೆ, ಯಾರೂ ಗಮನಿಸುವುದಿಲ್ಲ. ಮೂರನೇ ಅಂಕಣದ ಬಸ್ಸು ಇವತ್ತು ಐದನೇ ಅಂಕಣಕ್ಕೆ ಬರುತ್ತದೆಂದು ಅವರು ಗಂಟಲು ಹರಿದುಕೊಂಡರೂ ಜನ ಮೂರರಲ್ಲೇ ನಿಂತಿರುತ್ತಾರೆ. ಬಸ್ಸು ಹೋದ ಮೇಲೆ ಗಾಜು ಕುಟ್ಟಿ, “ಒಂದು ಮಾತು ಹೇಳಬಾರದಿತ್ತೇನ್ರೀ?” ಎಂದು ಜಗಳಕ್ಕೆ ಬರುತ್ತಾರೆ.

ಮನೆಯಲ್ಲೂ ಅದೇ ಕಥೆ. ಎರಡು ಕೋಣೆಯ ಮನೆ. ಒಳಗಿನದು ಅವರ ತಾಯಿಯದು. ಆಕೆ ಮಲಗಿದಲ್ಲಿಂದಲೇ ರಾಜ್ಯಭಾರ ನಡೆಸುತ್ತಾರೆ. ಹೊರಗಿನದು ಹೆಸರಿಗೆ ಹಾಲ್, ಕೆಲಸಕ್ಕೆ ಹೊಲಿಗೆ ಅಂಗಡಿ. ಅವರ ಹೆಂಡತಿಯನ್ನು ಬೀದಿಯವರೆಲ್ಲ ಟೈಲರಕ್ಕ ಎನ್ನುತ್ತೇವೆ. ಅಳತೆ ಕೊಡುವವರು, ಗುಂಡಿ ಹಾಕಿಸುವವರು, ತಾವು ದಪ್ಪಗಾದ ಅಪರಾಧವನ್ನು ಆಕೆಯ ಕತ್ತರಿಯ ಮೇಲೆ ಹೊರಿಸುವವರು, ಎಲ್ಲರೂ ಹೇಳದೆ ಕೇಳದೆ ಒಳಗೆ ನುಗ್ಗುತ್ತಾರೆ. ದಯವಿಟ್ಟಪ್ಪನವರಿಗೆ ಸ್ವಂತದ್ದೆಂದು ಇರುವುದು ಫ್ರಿಜ್ಜಿಗೂ ಕಿಟಕಿಗೂ ನಡುವೆ ಒಂದು ಕುರ್ಚಿ ಹಿಡಿಯುವ ಜಾಗ. ಫ್ರಿಜ್ಜು ತೆಗೆಯಬೇಕಾದರೆ ಅಲ್ಲಿಂದಲೂ ಎದ್ದು ನಿಲ್ಲಬೇಕು.

ಇಂಥ ಮನುಷ್ಯ ಎರಡು ವರ್ಷದ ಹಿಂದೆ ಹಲ್ಲು ಕೀಳಿಸಲು ಹೋಗಿ ಕೋಟೆ ಸೇರಿದರು.

ನಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಭಾನುವಾರ ರಜೆ. ಆ ಮಧ್ಯಾಹ್ನ ರೋಗಿಗಳು ಕಾಯುವ ಕೋಣೆಯಲ್ಲಿ ಡಾಕ್ಟರು ಒಂದು ಆಟ ನಡೆಸುತ್ತಾರೆ. ಮೇಜಿನ ಮೇಲೆ ಹಾಳೆ ಹರಡಿ ಕೋಟೆಯೊಂದರ ನಕ್ಷೆ ಬರೆದಿದ್ದಾರೆ. ಆಡುವವರು ಒಬ್ಬೊಬ್ಬರು ಒಂದೊಂದು ವೇಷ ಹಿಡಿಯುತ್ತಾರೆ. “ಬಾಗಿಲು ತೆರೀತು. ಆಚೆ ಬರೀ ಕತ್ತಲು. ಏನು ಮಾಡ್ತೀರಿ?” ಎಂದು ಡಾಕ್ಟರು ಕೇಳುತ್ತಾರೆ. ಆಟಗಾರ ಏನೋ ಒಂದು ಹೇಳಿ ದಾಳ ಉರುಳಿಸುತ್ತಾನೆ. ದಾಳ ಹೇಳಿದ್ದೇ ಅಲ್ಲಿ ವಿಧಿ. ನಿವೃತ್ತ ಗಣಿತದ ಮೇಷ್ಟ್ರು ಆ ಕೋಟೆಯ ದಳವಾಯಿ. ಹಲ್ಲು ಕಳೆದುಕೊಂಡು ಬಾಯಿಗೆ ಹತ್ತಿ ತುರುಕಿಕೊಂಡಿದ್ದ ದಯವಿಟ್ಟಪ್ಪನವರನ್ನು ಡಾಕ್ಟರು, “ನೀವೇನಾಗ್ತೀರಿ? ಯೋಧನೋ, ಮಾಂತ್ರಿಕನೋ, ಕಳ್ಳನೋ?” ಎಂದು ಕೇಳಿದರಂತೆ. ಇವರು ಹತ್ತಿಯ ಸಂದಿಯಿಂದಲೇ, “ಸ್ವಂತ ಕೋಣೆ ಇರೋದು ಯಾವುದಿದೆ?” ಎಂದರಂತೆ.

ಹೀಗೆ ಅವರು ಆಸ್ಥಾನ ಪಂಡಿತರಾದರು. ಕೋಟೆಯ ಉತ್ತರದ ಬುರುಜಿನಲ್ಲಿ ಪಂಡಿತರಿಗೆ ಓದುಕೋಣೆಯಾಯಿತು. ಎರಡು ವರ್ಷ ಪ್ರತಿ ಭಾನುವಾರ ದಯವಿಟ್ಟಪ್ಪನವರು ಆ ಕೋಣೆಯನ್ನು ಬಾಯಿಂದಲೇ ಕಟ್ಟಿದರು. ಅಲ್ಲಿ ಪುಸ್ತಕಗಳನ್ನು ಜೋಡಿಸಿದ್ದು ವಿಷಯದ ಮೇಲಲ್ಲ, ಬರೆದವರ ಸಿಟ್ಟಿನ ಮೇಲೆ. ಶಾಂತರು ಮೇಲೆ, ಕೋಪಿಷ್ಠರು ಕೆಳಗೆ. ದೂರದರ್ಶಕವನ್ನು ಅಡುಗೆಮನೆಯ ಹೊಗೆಗೂಡಿನ ಕಡೆ ತಿರುಗಿಸಿಟ್ಟಿದ್ದರು. ನಕ್ಷತ್ರಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಊಟದ ಹೊತ್ತು ಮಾತ್ರ ದಿನಾ ಹಿಂದುಮುಂದಾಗುತ್ತದೆ ಎಂಬುದು ಪಂಡಿತರ ಸಿದ್ಧಾಂತ. ಯಾರಾದರೂ ವ್ಯಾಕರಣ ತಪ್ಪಿದರೆ ಕೂಗುವ ಒಂದು ಗೂಬೆಯೂ ಇತ್ತು. ಒಮ್ಮೆ ಬೆಂಕಿಯುಗುಳುವ ಮೃಗವೊಂದು ಕೋಟೆಗೆ ನುಗ್ಗಿದಾಗ ದಳವಾಯಿಗಳು ಕತ್ತಿ ಹುಡುಕುತ್ತಿದ್ದರು. ಪಂಡಿತರು ಕಿಟಕಿಯಿಂದ ತಲೆ ಹಾಕಿ, ಅಂಥ ಮೃಗ ಇರಲು ಸಾಧ್ಯವೇ ಇಲ್ಲವೆಂದು ಅದರ ಎದುರಿಗೇ ವಾದಿಸಿದರು. ಅದು ಕೇಳುವಷ್ಟು ಕೇಳಿ ಬೇಸತ್ತು ಹಾರಿಹೋಯಿತು.

ಇದನ್ನೆಲ್ಲ ದಯವಿಟ್ಟಪ್ಪನವರು ಮುಚ್ಚಿಟ್ಟವರಲ್ಲ. ಕ್ಷೌರದ ಕುರ್ಚಿಯಲ್ಲಿ ಹೇಳಿದರು, ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಹೇಳಿದರು, ಹೆಂಡತಿಯ ಹೊಲಿಗೆ ಮಿಷನ್ನಿನ ಪಕ್ಕ ನಿಂತು ದಿನಾ ಸಂಜೆ ಹೇಳಿದರು. ನಾವು “ಹೌದಾ, ಸಂತೋಷ” ಎಂದು ನಮ್ಮ ದಾರಿ ಹಿಡಿದೆವು. ಟೈಲರಕ್ಕ ತಲೆ ಎತ್ತದೆ “ಹೂಂ” ಎನ್ನುತ್ತಿದ್ದರು, ಮಿಷನ್ನು ತನ್ನ ಪಾಡಿಗೆ ತಾನು ಟರಟರ ಎನ್ನುತ್ತಿತ್ತು.

ಇಂಥ ಪಂಡಿತರು ಒಂದು ಭಾನುವಾರ ತಮ್ಮದೇ ಕೋಣೆಯಲ್ಲಿ, ತಮ್ಮದೇ ಏಣಿಯಿಂದ ಬಿದ್ದು ಸತ್ತರು. ಮೇಲಿನ ಸಾಲಿನ ಅತ್ಯಂತ ಶಾಂತ ಗ್ರಂಥವೊಂದಕ್ಕೆ ಕೈ ಚಾಚಿದ್ದರು. ದಾಳದಲ್ಲಿ ಒಂದು ಬಿತ್ತು. ಒಂದು ಬಿದ್ದರೆ ಮುಗಿಯಿತು, ಡಾಕ್ಟರು ಅದರಲ್ಲಿ ಬಲು ಕಟ್ಟುನಿಟ್ಟು. ಸತ್ತವನು ಮರುವಾರ ತಾನೇ ತನ್ನ ವಾರಸುದಾರನಾಗಿ ಬರುವಂತೆಯೂ ಇಲ್ಲ. ಹಿಂದೆ ಮೇಷ್ಟ್ರು ಪ್ರತಿ ಸಲ ಸತ್ತಾಗಲೂ ತಮ್ಮದೇ ಅವಳಿ ತಮ್ಮನಾಗಿ ಹುಟ್ಟಿ ಬರತೊಡಗಿದ್ದರಿಂದ ಈ ಕಾನೂನು ಮಾಡಬೇಕಾಯಿತಂತೆ. ಆದ್ದರಿಂದ ಡಾಕ್ಟರು ತೀರ್ಪು ಕೊಟ್ಟರು: ಮುಂದಿನ ಭಾನುವಾರದೊಳಗೆ ಹೊಸಬರೊಬ್ಬರು ಬಂದು ಪಂಡಿತರ ವಾರಸುದಾರರಾಗಿ ಆಟಕ್ಕೆ ಕೂರಬೇಕು. ಇಲ್ಲದಿದ್ದರೆ ಕೋಣೆ ದಳವಾಯಿಗಳ ಪಾಲು.

“ನಾನಲ್ಲಿ ಮದ್ದುಗುಂಡಿನ ಮನೆ ಮಾಡ್ತೀನಿ,” ಎಂದರು ಮೇಷ್ಟ್ರು. “ಗಾಳಿ ಬೆಳಕು ಚೆನ್ನಾಗಿದೆ.”

ಸೋಮವಾರ ಬೆಳಿಗ್ಗೆ ನಿಲ್ದಾಣದಲ್ಲಿ ದಯವಿಟ್ಟಪ್ಪನವರ ಮುಖ ನೋಡಿದ ಮೇಲ್ವಿಚಾರಕರು ಗಾಜಿನ ಗೂಡಿನೊಳಗೆ ಬಂದು, ಏನಾಯ್ತು ಎಂದು ಕೇಳಿದರು. ಮೈಕು ಆರಿಸಿಲ್ಲ ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

“ನಮ್ಮ ಪಂಡಿತರು ಹೋಗ್ಬಿಟ್ರು ಸಾರ್,” ಎಂಬ ಧ್ವನಿ ಎಲ್ಲ ಅಂಕಣಗಳಲ್ಲೂ ಮೊಳಗಿತು. “ನಿನ್ನೆ ಮಧ್ಯಾಹ್ನ. ಏಣಿಯಿಂದ ಬಿದ್ದು.”

“ಅಯ್ಯೋ! ಹತ್ತಿರದವರಾ?”

“ಹತ್ತಿರ ಅಂದ್ರೆ... ನಾನೇ ಅವರು ಅನ್ನೋ ಹಾಗಿದ್ದೆ ಸಾರ್. ಕೋಟೆಯಲ್ಲಿ ಅಷ್ಟು ದೊಡ್ಡ ಕೋಣೆ, ಅಷ್ಟು ಪುಸ್ತಕ, ಎಲ್ಲಾ ಅನಾಥ ಆಗೋಯ್ತು. ವಾರದೊಳಗೆ ವಾರಸುದಾರರು ಸಿಗದಿದ್ರೆ ಬೇರೆಯವರು ನುಂಗಿ ಹಾಕ್ತಾರೆ.”

ಅಷ್ಟು ವರ್ಷಗಳ ಸೇವೆಯಲ್ಲಿ ಅವರ ಮಾತನ್ನು ಇಡೀ ನಿಲ್ದಾಣ ಉಸಿರು ಬಿಗಿಹಿಡಿದು ಕೇಳಿದ್ದು ಅದೇ ಮೊದಲು. ಚಾಲಕರು ಇಂಜಿನ್ ಆರಿಸಿದರು. ಮೇಲ್ವಿಚಾರಕರು ಇವರಿಗೆ ಆ ದಿನಕ್ಕೆ ರಜೆ ಕೊಟ್ಟು, ಗೌರವಾರ್ಥ ಮಧ್ಯಾಹ್ನದವರೆಗೆ ಮೈಕನ್ನು ಮೌನವಾಗಿಟ್ಟರು. ಅಂದು ಯಾರೂ ತಪ್ಪು ಬಸ್ಸು ಹತ್ತಲಿಲ್ಲವೆಂದು ಆಮೇಲೆ ಗೊತ್ತಾಯಿತು. ಸತ್ತವರ ಪುಣ್ಯವೇ ಇರಬೇಕು ಎಂದರು.

ದಯವಿಟ್ಟಪ್ಪನವರು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮೊದಲೇ ಮುಟ್ಟಿ, ಕಾಲು ಚಾಚಿ ಕೂತಿತ್ತು. ಅವರ ಅಣ್ಣ ಬಂದಿದ್ದ. ಮೇಜು ಕುರ್ಚಿ ಮಾರುವ ಅಂಗಡಿಯವನು ಅವನು, ಜೇಬಿನಲ್ಲಿ ಸದಾ ಅಳತೆ ಟೇಪು. ತಮ್ಮನ ಮನೆಗೆ ಅವನು ಕಾಲಿಟ್ಟು ಎಷ್ಟು ಕಾಲವಾಗಿತ್ತೆಂದರೆ ಫ್ರಿಜ್ಜನ್ನು ನೋಡಿ “ಇದ್ಯಾವಾಗ ತಗೊಂಡ್ರಿ?” ಎಂದ. ಮನೆ ಓನರು ಬಂದಿದ್ದರು. ಎದುರುಮನೆಯ ವಕೀಲರು ಕಪ್ಪು ಕೋಟಿನಲ್ಲೇ ಬಂದಿದ್ದರು, ದುಃಖಕ್ಕೂ ವೃತ್ತಿಗೂ ಒಂದೇ ಬಣ್ಣವಾದ್ದರಿಂದ ಅವರಿಗೆ ಅನುಕೂಲ. ನಾನೂ ಹೋಗಿದ್ದೆ. ನೆರೆಯವನಾಗಿ ಹೋಗದಿದ್ದರೆ ಚೆನ್ನಾಗಿರುತ್ತದೆಯೇ?

ಒಳಕೋಣೆಯಿಂದ ತಾಯಿ, ಯಾರು ಸತ್ತರೆಂದು ಕೇಳದೆಯೇ, ಅಳುವುದಕ್ಕೆ ಶುರುಮಾಡಿದ್ದರು. ಟೈಲರಕ್ಕ ಎಲ್ಲರಿಗೂ ಟೀ ಕೊಟ್ಟು ಮಿಷನ್ನಿಗೆ ಕೂತರು.

“ಎಂಥ ಮನುಷ್ಯ!” ಓನರು ಶುರುಮಾಡಿದರು. “ಹೋದ ಸಲ ಸಿಕ್ಕಾಗ ನನ್ನ ಹತ್ರ ಅರ್ಧ ಗಂಟೆ ಮಾತಾಡಿದ್ರು.”

ದಯವಿಟ್ಟಪ್ಪನವರು ಬೆರಗಾಗಿ, “ನಮ್ಮ ಪಂಡಿತರಾ? ನಿಮ್ಮ ಹತ್ರಾನಾ? ನೀವು ಯಾವಾಗ ಆಟಕ್ಕೆ ಬಂದಿದ್ರಿ?” ಎಂದರು.

“ಹೀಗೇ, ಓಡಾಟಕ್ಕೆ ಬಂದಾಗ,” ಎಂದು ಓನರು ಕರವಸ್ತ್ರ ಮುಖಕ್ಕೆ ತಂದರು.

“ನೋಡಿ, ನೀವೆಲ್ಲ ಇಷ್ಟು ಬೇಜಾರು ಮಾಡ್ಕೋಬೇಡಿ,” ಎಂದರು ದಯವಿಟ್ಟಪ್ಪನವರು, ಒಳ್ಳೆಯ ಮನುಷ್ಯ. “ನನಗೆ ದುಃಖ ಇರೋದು ನಿಜ. ಆದ್ರೆ ಎಷ್ಟೇ ಆದ್ರೂ ಇದು ಒಂದು ಆಟ ತಾನೇ.”

ಎಲ್ಲರೂ ಒಟ್ಟಿಗೇ ನಿಟ್ಟುಸಿರು ಬಿಟ್ಟೆವು.

“ಸತ್ಯವಾದ ಮಾತು ತಮ್ಮಾ,” ಅಣ್ಣ ಅವರ ಬೆನ್ನು ಸವರಿದ. “ಎಲ್ಲಾ ಅವನ ಆಟ. ನಾವೆಲ್ಲ ಬರೀ ಕಾಯಿಗಳು.”

“ಹೌದಣ್ಣಾ, ಕಾಯಿಗಳೇ! ನಿನಗೆ ಹೇಗೆ ಗೊತ್ತಾಯ್ತು?”

“ದಾಳ ಉರುಳಿಸೋನು ಮೇಲೆ ಕೂತಿದಾನಲ್ಲಪ್ಪಾ.”

“ಮೇಲೇ ಕೂತಿರ್ತಾರೆ. ಆದ್ರೆ ಭಾನುವಾರ ಮಧ್ಯಾಹ್ನ ಮಾತ್ರ ಸಿಗ್ತಾರೆ. ಬೇರೆ ದಿನ ಅಪಾಯಿಂಟ್ಮೆಂಟ್ ತಗೋಬೇಕು.”

ಅಣ್ಣ ನಮ್ಮ ಕಡೆ ತಿರುಗಿ, ಪಾಪ, ತಲೆಗೆ ಹೊಡೆತ ಬಿದ್ದಿದೆ, ಎಂದು ಕಣ್ಣಲ್ಲೇ ಹೇಳಿದ. ಹುಚ್ಚು ಹಿಡಿಸುವಷ್ಟು ದುಃಖವೆಂದರೆ ಆಸ್ತಿಯೂ ಆ ಮಟ್ಟದ್ದೇ ಇರಬೇಕೆಂದು ನಮ್ಮ ಗೌರವ ಇನ್ನಷ್ಟು ಹೆಚ್ಚಿತು.

ವಕೀಲರು ಗಂಟಲು ಸರಿಮಾಡಿಕೊಂಡರು. “ಈ ಕೋಣೆ, ಅದರೊಳಗಿನ ಚರ ಸ್ವತ್ತು, ಇದೆಲ್ಲ ಪಿತ್ರಾರ್ಜಿತವೋ ಸ್ವಯಾರ್ಜಿತವೋ?”

“ಜಾಗ ಡಾಕ್ಟರು ಕಲ್ಪಿಸಿಕೊಟ್ಟಿದ್ದು. ಉಳಿದಿದ್ದೆಲ್ಲ ನಾನೇ ಕಲ್ಪಿಸಿಕೊಂಡಿದ್ದು.”

“ಕಲ್ಪಿಸಿಕೊಟ್ಟಿದ್ದು!” ವಕೀಲರ ಕಣ್ಣು ಅರಳಿತು. “ಇದು ಮಂಜೂರಾತಿ ಭಾಷೆ. ಕೇಸು ಗಟ್ಟಿ ಇದೆ.”

ಆ ವಾರ ದಯವಿಟ್ಟಪ್ಪನವರ ಬಾಳಿನ ಸುವರ್ಣಯುಗ. ಎರಡು ವರ್ಷ ಅವರು ಹಿಂದೆ ಬಿದ್ದು ಹೇಳಿದರೂ ಕೇಳದವರು ಈಗ ತಾವೇ ಹುಡುಕಿಕೊಂಡು ಬಂದು ಕೋಣೆಯ ವಿಷಯ ಕೇಳತೊಡಗಿದರು. ಕ್ಷೌರಿಕ ಕತ್ತರಿ ನಿಲ್ಲಿಸಿ ಕೇಳಿದ. ಓನರು ದೂರದರ್ಶಕ ಎಷ್ಟು ಉದ್ದ, ತಾರಸಿಗೆ ಏರಿಸಲು ಎಷ್ಟು ಜನ ಬೇಕು ಎಂದು ಕೇಳಿದರು. ಅಣ್ಣ ದಿನಾ ಸಂಜೆ ಬಂದು ಕಪಾಟುಗಳ ಮರ ಯಾವುದು, ಬಾಗಿಲ ಅಗಲ ಸಾಕೇ ಎಂದು ವಿಚಾರಿಸಿ ಟೇಪು ಎಳೆದು ನೋಡುತ್ತಿದ್ದ. ನಾನು ಪುಸ್ತಕಗಳ ಬಗ್ಗೆ ಒಂದೆರಡು ಮಾತು ಕೇಳಿದೆ, ಅದು ಬರೀ ಜ್ಞಾನದಾಹ. ಎಲ್ಲಕ್ಕೂ ದಯವಿಟ್ಟಪ್ಪನವರು ಮುಖ ಬೆಳಗಿಸಿಕೊಂಡು ಉತ್ತರಿಸಿದರು. ಫ್ರಿಜ್ಜಿನ ಪಕ್ಕದ ಕುರ್ಚಿಯನ್ನು ಕೋಣೆಯ ಮಧ್ಯಕ್ಕೆ ತಂದು ಕೂರಿಸಿ ಕೇಳಿದವರೂ ಉಂಟು. ಟೈಲರಕ್ಕ ಮಾತ್ರ ಎಂದಿನಂತೆ ಮೂಲೆಯಲ್ಲಿ ಕೂತು ಮಿಷನ್ ತುಳಿಯುತ್ತಿದ್ದರು.

“ವಾರಸುದಾರರಾಗೋಕೆ ನಿಮ್ಮಲ್ಲಿ ಯಾರು ಒಪ್ತೀರಿ?” ಎಂದು ದಯವಿಟ್ಟಪ್ಪನವರು ಗುರುವಾರ ಅಂಜುತ್ತಲೇ ಕೇಳಿದರು. ಯಾರೂ ಒಪ್ಪಲಾರರೆಂಬ ಭಯ ಅವರಿಗೆ.

“ನಾನಿರುವಾಗ ನೀನ್ಯಾಕಪ್ಪ ಚಿಂತೆ ಮಾಡ್ತೀಯ?” ಅಣ್ಣ ಎದೆ ಮುಟ್ಟಿಕೊಂಡ. “ದೊಡ್ಡವನು ನಾನು. ಆ ಭಾರ ನಾನು ಹೊರ್ತೀನಿ.”

“ಸ್ವಂತ ತಂದೆ ಹಾಗೆ ನೋಡ್ಕೊಂಡಿದ್ರು ನನ್ನ,” ಎಂದರು ಓನರು. ಅರ್ಧ ಗಂಟೆಯ ಪರಿಚಯ ಅಷ್ಟರಲ್ಲಿ ಅಲ್ಲಿಗೆ ಮುಟ್ಟಿತ್ತು.

ವಕೀಲರು ಇಬ್ಬರ ನಡುವೆ ರಾಜಿ ಮಾಡಿಸುವುದಾಗಿ ಹೇಳಿದರು. ರಾಜಿಯಲ್ಲಿ ಯಾರಿಗೆ ಎಷ್ಟು ಹೋದರೂ ಪಂಡಿತರ ಕೋಣೆಯಲ್ಲಿ ಗೋಡೆ ಗಡಿಯಾರವೇನಾದರೂ ಇದ್ದರೆ ಅದು ತಮಗೆ ಬರಬೇಕೆಂದರು. ದಯವಿಟ್ಟಪ್ಪನವರ ಕಣ್ಣಲ್ಲಿ ನೀರು ಬಂತು. “ಒಬ್ಬರೂ ಬರಲ್ಲ ಅಂದ್ಕೊಂಡಿದ್ದೆ. ಕೋಣೆ ಉಳೀತು!” ಎಂದು ಅಣ್ಣನ ಎರಡೂ ಕೈ ಹಿಡಿದುಕೊಂಡರು.

ಭಾನುವಾರ ಅಣ್ಣ ಅಂಗಡಿಯ ವ್ಯಾನು ತಂದ. ಒಳಗೆ ಹಗ್ಗ, ಗೋಣಿ, ಇಬ್ಬರು ಹೊರೆಯಾಳು. ಕೋಟೆ ಎಷ್ಟು ದೂರವೋ ಎಂದು ಓನರು ನೀರಿನ ಬಾಟಲಿ ಹಿಡಿದಿದ್ದರು. ನಾನು ಹತ್ತಿದ್ದು ನ್ಯಾಯ ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ನೋಡಲಿಕ್ಕೆ. ಕೊನೆ ಗಳಿಗೆಯಲ್ಲಿ ಟೈಲರಕ್ಕ ಮಿಷನ್ನಿಗೆ ಹೊದಿಕೆ ಹಾಕಿ ತಾವೂ ಬಂದು ಕೂತರು. ಯಾರೂ ಕರೆದಿರಲಿಲ್ಲ, ಬೇಡವೆನ್ನಲೂ ಆಗಲಿಲ್ಲ.

ವ್ಯಾನು ಎರಡು ತಿರುವು ದಾಟಿ ಔಷಧಿ ಅಂಗಡಿಯ ಮುಂದೆ ನಿಂತಿತು.

“ಇಲ್ಲಿ ಯಾಕೆ?” ಎಂದ ಅಣ್ಣ.

“ಇಲ್ಲೇ ಅಣ್ಣಾ. ಮೇಲೆ.”

ಕೀಲಿಕೈ ಡಾಕ್ಟರ ಹತ್ತಿರ ಇರಬೇಕೆಂದು ವಕೀಲರು ಊಹಿಸಿದರು. ಎಲ್ಲರೂ ಹತ್ತಿದೆವು. ಕಾಯುವ ಕೋಣೆಯಲ್ಲಿ ಹಲ್ಲುಜ್ಜುವ ವಿಧಾನದ ಚಿತ್ರದ ಕೆಳಗೆ ಡಾಕ್ಟರೂ ಮೇಷ್ಟ್ರೂ ಮೇಜಿಗೆ ಕೂತಿದ್ದರು. ಮೇಜಿನ ಮೇಲೆ ಹಾಳೆ. ಅದು ಹಾರದಂತೆ ಒಂದು ಮೂಲೆಗೆ ಪ್ಲಾಸ್ಟರಿನ ದವಡೆ ಇಟ್ಟಿದ್ದರು.

“ಕೋಟೆ ಎಲ್ಲಿ?” ಅಣ್ಣ ಕೇಳಿದ.

ದಯವಿಟ್ಟಪ್ಪನವರು ಹಾಳೆ ತೋರಿಸಿದರು. “ಇದು ಹೆಬ್ಬಾಗಿಲು. ಇದು ಬುರುಜು. ಪಂಡಿತರ ಕೋಣೆ ಇಲ್ಲಿ, ನೋಡು.” ಅವರ ಬೆರಳ ತುದಿಯಲ್ಲಿ ಒಂದು ಚೌಕವಿತ್ತು. ಪೆನ್ಸಿಲಿನಲ್ಲಿ ಬರೆದದ್ದು.

ಆ ಚೌಕವನ್ನು ನಾವೆಲ್ಲ ಬಗ್ಗಿ ನೋಡಿದೆವು. ಹೊರೆಯಾಳುಗಳೂ ನೋಡಿದರು. 

“ಇದು ಆಟ!” ಎಂದ ಅಣ್ಣ.

“ಹೌದಣ್ಣಾ. ಮೊದಲ ದಿನವೇ ಹೇಳಿದ್ನಲ್ಲ.”

“ಆಟ ಅಂದ್ರೆ ಆಟಾನಾ?”

“ಮತ್ತೆ ಆಟ ಅಂದ್ರೆ ಇನ್ನೇನು?”

ವಕೀಲರು ಇದಕ್ಕೆ ಯಾವ ಕಲಮಿನಡಿ ಮೊಕದ್ದಮೆ ಹೂಡಬಹುದೆಂದು ಯೋಚಿಸಿದರು, ಸಿಗಲಿಲ್ಲ. ಓನರು ಗೋಡೆಯ ಹಲ್ಲುಗಳನ್ನು ಎಣಿಸತೊಡಗಿದರು. ಆಗ ಡಾಕ್ಟರು ಕನ್ನಡಕ ಏರಿಸಿಕೊಂಡು, ಬಹಳ ಗಂಭೀರವಾಗಿ, “ಪಂಡಿತರ ವಾರಸುದಾರರು ಯಾರು? ಮುಂದೆ ಬನ್ನಿ,” ಎಂದರು.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮೊದಲೇ ಹಿಂದೆ ಇದ್ದೆ.

“ಅಣ್ಣಾ, ನೀನು ಒಪ್ಕೊಂಡಿದ್ದೆ,” ಎಂದರು ದಯವಿಟ್ಟಪ್ಪನವರು.

“ಒಪ್ಕೊಂಡಿದ್ದೆನಾ? ವಾರ ಪೂರ್ತಿ ಅಂಗಡಿ ಬಾಗಿಲು ಬೇಗ ಹಾಕಿ ಬಂದೆ ಕಣೋ! ಇಲ್ಲದ ಕೋಣೆಗೆ, ಇಲ್ಲದ ಹೆಣಕ್ಕೆ! ನಾಚಿಕೆ ಆಗಲ್ವಾ ನಿನಗೆ?”

ದಯವಿಟ್ಟಪ್ಪನವರ ಮುಖ ಆಗ ನೋಡಬೇಕಿತ್ತು. ಇಡೀ ವಾರ ತಮ್ಮ ಮಾತು ಕೇಳಿದವರು ಒಂದಕ್ಷರವನ್ನೂ ಕೇಳಿರಲಿಲ್ಲವೆಂದು ಅವರಿಗೆ ಅರ್ಥವಾದದ್ದು ಆಗಲೇ. ನನಗೆ ನಿಜವಾಗಿಯೂ ಕಷ್ಟವಾಯಿತು. ತಮಾಷೆಯ ಮಾತಲ್ಲ, ಅವರು ಎರಡು ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದರು.

“ವಾರಸು ಇಲ್ಲ,” ಎಂದು ಮೇಷ್ಟ್ರು ಪೆನ್ಸಿಲು ತೆಗೆದರು. “ಮದ್ದಿನ ಮನೆ ಅಂತ ಬರೀಲಾ?”

ಕುರ್ಚಿ ಎಳೆದ ಸದ್ದಾಯಿತು. ಟೈಲರಕ್ಕ ಮೇಷ್ಟ್ರ ಎದುರಿಗೆ ಕೂತಿದ್ದರು.

“ಪೆನ್ಸಿಲು ಕೆಳಗಿಡಿ. ನಾನು ವಾರಸುದಾರಳು.”

“ನೀನಾ?” ಎಂದರು ದಯವಿಟ್ಟಪ್ಪನವರು. “ನಿನಗೆ ಕೋಣೆ ವಿಷಯ ಏನು ಗೊತ್ತು?”

“ಎರಡು ವರ್ಷದಿಂದ ದಿನಾ ಹೇಳಿದೀರಲ್ರೀ. ನಾನು ಮಿಷನ್ ತುಳಿಯೋದು ಕಾಲಲ್ಲಿ, ಕಿವಿಯಲ್ಲಲ್ಲ.”

“ಹಾಗಾದ್ರೆ ಇವರೆಲ್ಲ ತಪ್ಪು ತಿಳ್ಕೊಂಡಿದಾರೆ ಅಂತ ನಿನಗೆ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?”

“ಒಂದು ವಾರ ಜನ ನಿಮ್ಮ ಸುತ್ತ ಕೂತು ನಿಮ್ಮ ಮಾತು ಕೇಳ್ತಿದ್ರು. ಅದನ್ನ ನಾನ್ಯಾಕೆ ಕೆಡಿಸ್ಲಿ?”

ಅಣ್ಣ ಟೇಪನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತಳ್ಳಿಕೊಂಡ.

ದಳವಾಯಿಗಳು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. “ಯುದ್ಧಕಾಲ ತಾಯಿ. ಮದ್ದಿಗೆ ಒಣ ಜಾಗ ಬೇಕು. ನಿಮಗೆ ಪುಸ್ತಕ ತಾನೇ? ಕೆಳಗಿನ ನೆಲಮಾಳಿಗೆಗೆ ಹಾಕ್ಕೊಳ್ಳಿ.”

“ಆಗಲ್ಲ. ಗೂಬೆ ಮೊಟ್ಟೆ ಇಟ್ಟಿದೆ.”

“ಗೂಬೆ ಗಂಡು ಕಣೇ!” ಎಂದರು ದಯವಿಟ್ಟಪ್ಪನವರು.

“ಯಾರು ಹೇಳಿದ್ದು? ನೀವು ವ್ಯಾಕರಣ ಬಿಟ್ಟು ಅದರ ಇನ್ನೇನು ವಿಚಾರಿಸಿದೀರಿ? ನಾಲ್ಕು ಮೊಟ್ಟೆ. ಕೋಪಿಷ್ಠರ ಸಾಲಿನ ಹಿಂದೆ, ಬೆಚ್ಚಗಿದೆ ಅಂತ.” ಆಕೆ ಮೇಷ್ಟ್ರ ಕಡೆ ತಿರುಗಿದರು. “ಅಲ್ರೀ, ಬಾಣಂತಿ ಇರೋ ಕೋಣೇಲಿ ಯಾರಾದ್ರೂ ಮದ್ದು ತುಂಬ್ತಾರೇನ್ರೀ? ನೀವೂ ಮಕ್ಕಳೊಂದಿಗರು.”

ಮೇಷ್ಟ್ರು ಡಾಕ್ಟರ ಕಡೆ ನೋಡಿದರು. ಡಾಕ್ಟರು ಈ ಪ್ರಶ್ನೆಯನ್ನು ದಾಳಕ್ಕೆ ಬಿಟ್ಟರು. ಟೈಲರಕ್ಕ ದಾಳವನ್ನು ಗುಂಡಿ ಆರಿಸುವವರಂತೆ ಬೆರಳಲ್ಲಿ ಹಿಡಿದು ಬಿಟ್ಟರು. ಅದು ಉರುಳಿ, ದವಡೆಗೆ ಬಡಿದು ನಿಂತಿತು. ಡಾಕ್ಟರು ಬಗ್ಗಿ ನೋಡಿದರು.

“ಮೊಟ್ಟೆ ಇದೆ,” ಎಂದರು. “ನಾಲ್ಕು.”

ಇಬ್ಬರು ಹೊರೆಯಾಳುಗಳು ತಡೆಯಲಾರದೆ ಚಪ್ಪಾಳೆ ತಟ್ಟಿದರು. ದಳವಾಯಿಗಳು ತಲೆಬಾಗಿ ಸೈನ್ಯವನ್ನು ಹಿಂದಕ್ಕೆ ಕರೆದರು. ದಯವಿಟ್ಟಪ್ಪನವರು ಸಂಭ್ರಮ ತಾಳಲಾರದೆ ಕುರ್ಚಿ ಎಳೆದುಕೊಂಡು ಹೆಂಡತಿಯ ಪಕ್ಕ ಬಂದರು. “ಕೋಣೆ ಉಳೀತು! ಈಗ ಮೊದಲು ದೂರದರ್ಶಕದ ಹತ್ರ ಹೋಗು, ನಾನು ತೋರಿಸ್ತೀನಿ...”

“ಸ್ವಲ್ಪ ಇರಿ,” ಎಂದರು ಟೈಲರಕ್ಕ. ಡಾಕ್ಟರನ್ನು ಕೇಳಿದರು: “ಈ ಕೋಣೆ ಈಗ ನಂದು ತಾನೇ?”

“ನಿಮ್ಮದೇ.”

“ಕೇಳದೆ ಯಾರೂ ಒಳಗೆ ಬರೋ ಹಾಗಿಲ್ವಾ?”

“ರಾಜನೂ ಬರೋ ಹಾಗಿಲ್ಲ.”

“ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ?”

ಡಾಕ್ಟರು ನಕ್ಷೆ ನೋಡಿದರು. “ಇದೆ.”

“ಹಾಕಿದೀನಿ ಅಂತ ಬರ್ಕೊಳ್ಳಿ.”

ಬರೆದುಕೊಂಡರು. ಟೈಲರಕ್ಕ ಎರಡೂ ಕೈಯನ್ನು ಮಡಿಲಲ್ಲಿಟ್ಟು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಆಕೆಯ ಕಾಲುಗಳು ಅಲುಗದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಈಗ ಏನು ಮಾಡ್ತೀರಿ?” ಡಾಕ್ಟರು ನಿಯಮದಂತೆ ಕೇಳಿದರು.

“ಏನೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೋತೀನಿ.”

ಅದಕ್ಕೆ ದಾಳ ಬೇಕಾಗಲಿಲ್ಲ. ದಯವಿಟ್ಟಪ್ಪನವರು ಆಕೆಯನ್ನು ನೋಡಿದರು, ಹಾಳೆಯ ಚೌಕವನ್ನು ನೋಡಿದರು. ಆಮೇಲೆ ಎದ್ದು, ತಮ್ಮ ಕುರ್ಚಿಯನ್ನು ಸದ್ದಾಗದಂತೆ ಎತ್ತಿ, ಮೇಜಿನಿಂದ ದೂರ ಗೋಡೆಯ ಪಕ್ಕ ಇಟ್ಟುಕೊಂಡು ಕೂತರು.

“ಇನ್ನೆಷ್ಟು ಹೊತ್ತೋ? ಹೊರೆಯಾಳುಗಳ ಕೂಲಿ ಯಾರು...” ಎಂದು ಅಣ್ಣ ಶುರುಮಾಡಿದ.

“ಮೆಲ್ಲಗೆ ಅಣ್ಣಾ,” ಎಂದರು ದಯವಿಟ್ಟಪ್ಪನವರು, ಬಾಯಿಗೆ ಬೆರಳಿಟ್ಟು. “ಒಳಗೆ ಇದ್ದಾರೆ.”

 ನಾವೆಲ್ಲರೂ ತುದಿಗಾಲಲ್ಲಿ ಹೊರಗೆ ಬಂದೆವು.